ಕೈಗೆ ಬಿಡುವಿಲ್ಲದವರ ಪುಸ್ತಕ: ಹಕ್ಕುಮುಕ್ತ ಕೃತಿಗಳಿಂದ ಕೇಳುಪುಸ್ತಕಗಳ ಆಯ್ಕೆ

ಕೃತಿಸ್ವಾಮ್ಯದ ಅವಧಿ ಮುಗಿದ ಪುಸ್ತಕ ಸಾರ್ವಜನಿಕ ಸ್ವತ್ತಾಗುತ್ತದೆ. ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅನುವಾದಿಸಬಹುದು, ಓದಿ ಧ್ವನಿಮುದ್ರಿಸಿ ಹಂಚಬಹುದು, ಮಾರಲೂಬಹುದು. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಗೌರವಧನ ಸಲ್ಲಿಸಬೇಕಾಗಿಲ್ಲ. ಕಡಿಮೆ ಬಂಡವಾಳದಲ್ಲಿ ಆಡಿಯೊ ಪುಸ್ತಕ, ಅಂದರೆ ಕೇಳುಪುಸ್ತಕ, ಮಾಡಲು ಹೊರಟವರ ಕಣ್ಣು ಮೊದಲು ಇಂಥ ಪುಸ್ತಕಗಳ ಮೇಲೆ ಬೀಳುವುದು ಸಹಜ. ಅದರಲ್ಲೂ ವ್ಯಕ್ತಿತ್ವ ವಿಕಸನ ಮತ್ತು ವ್ಯಾಪಾರ-ವ್ಯವಹಾರದ ಪುಸ್ತಕಗಳಿಗೆ ಕೇಳುಗರು ಬೇಗ ಸಿಗುತ್ತಾರೆ. ಆದರೆ ಪುಸ್ತಕ ಬಿಟ್ಟಿ ಸಿಗುತ್ತದೆ ಎಂಬುದು ಅದನ್ನು ಮುಟ್ಟಲು ಇರುವ ಪರವಾನಗಿ ಮಾತ್ರ, ಆರಿಸಲು ಇರುವ ಕಾರಣವಲ್ಲ. ಆಯ್ಕೆ ಮೂರು ಪ್ರಶ್ನೆಗಳನ್ನು ದಾಟಬೇಕು: ಈ ಪುಸ್ತಕದ ಮೇಲೆ ಈಗ ಯಾರ ಹಕ್ಕಿದೆ? ಕಣ್ಣಿಗಾಗಿ ಬರೆದದ್ದು ಕಿವಿಗೆ ಒಗ್ಗುತ್ತದೆಯೇ? ಕೇಳಿದವರ ಬದುಕಿಗೆ ಅದು ಉಪಯೋಗಕ್ಕೆ ಬರುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಕೇಳುಗರು ಯಾರೆಂದು ಮೊದಲು ತಿಳಿದಿರಬೇಕು. ಈ ಬರಹದ ಕಣ್ಣ ಮುಂದಿರುವ ಕೇಳುಗರು ಬೆಳಗಾವಿ ಗಡಿನಾಡಿನ ದುಡಿಯುವ ಜನ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ನೆಲ. ಇಲ್ಲಿನ ದುಡಿಮೆಯೆಲ್ಲ ಕೈಗೆ ಬಿಡುವು ಕೊಡದ ದುಡಿಮೆ. ನಿಪ್ಪಾಣಿ ಭಾಗದಲ್ಲಿ ತಂಬಾಕು ಬೆಳೆಯುತ್ತದೆ, ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಅಥಣಿ, ನಿಪ್ಪಾಣಿಗಳಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕುಟುಂಬಗಳಿವೆ. 2019ರಲ್ಲಿ ಈ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಉಗಾರದಲ್ಲಿ ಸಕ್ಕರೆ ಕಾರ್ಖಾನೆ 1939ರಲ್ಲೇ ಸ್ಥಾಪನೆಯಾಯಿತು. ಇಂದು ಐದೂ ತಾಲೂಕುಗಳ ವರ್ಷದ ಲೆಕ್ಕ ಕಬ್ಬಿನ ಹಂಗಾಮಿಗೆ ಕಟ್ಟುಬಿದ್ದಿದೆ. ಬೀಡಿ ಕಟ್ಟುವವಳ ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ತಂಬಾಕು, ದಾರ. ಎರಡು ಕೈಯೂ ಕಣ್ಣೂ ಕೆಲಸದಲ್ಲಿ. ಚಪ್ಪಲಿಯ ಅಟ್ಟೆ ಹೊಲಿಯುವವನದೂ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನದೂ ಇದೇ ಸ್ಥಿತಿ. ಪುಸ್ತಕ ಹಿಡಿಯಲು ಇವರಿಗೆ ಕೈಯಿಲ್ಲ, ಆದರೆ ದಿನಕ್ಕೆ ಆರೆಂಟು ತಾಸು ಕಿವಿ ಖಾಲಿ ಇರುತ್ತದೆ.

ತಂಬಾಕಿನ ಕೆಲಸಕ್ಕೂ ಓದಿ ಹೇಳುವುದಕ್ಕೂ ಹಳೆಯ ನಂಟಿದೆ. ಕ್ಯೂಬಾದ ಹವಾನಾದಲ್ಲಿ 1865ರ ಸುಮಾರಿಗೆ ಸಿಗಾರ್ ಕಾರ್ಖಾನೆಗಳಲ್ಲಿ ಎತ್ತರದ ಪೀಠದ ಮೇಲೆ ಕುಳಿತು ಪತ್ರಿಕೆ, ಕಾದಂಬರಿ ಓದಿ ಹೇಳುವ ಪದ್ಧತಿ ಶುರುವಾಯಿತು. ಓದುಗನ ಪಗಾರ ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು, ಏನು ಓದಬೇಕೆಂದು ಆರಿಸುವವರೂ ಅವರೇ. ಕೇರಳದ ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಪತ್ರಿಕೆ ಓದಿದರೆ, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಗಡಿನಾಡಿಗೂ ಕೇಳುವ ರೂಢಿ ಹೊಸದಲ್ಲ. ಶ್ರಾವಣದಲ್ಲಿ ಮಠ-ಗುಡಿಗಳಲ್ಲಿ ಪುರಾಣ ಹಚ್ಚಿದರೆ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರು ತಿಂಗಳುಗಟ್ಟಲೆ ಕೂತು ಕೇಳುತ್ತದೆ. ಕೇಳುಪುಸ್ತಕ ಇವರಿಗೆ ಹೊಸದಾಗಿ ಕಲಿಸಬೇಕಾದ ಚಟವಲ್ಲ. ಈಗ ಬೀಡಿ ಕೆಲಸ ಶೆಡ್ಡು ಬಿಟ್ಟು ಮನೆ ಸೇರಿರುವುದರಿಂದ ಓದುವವರ ಜಾಗಕ್ಕೆ ಮೊಬೈಲು ಬಂದಿದೆ, ಅಷ್ಟೇ ವ್ಯತ್ಯಾಸ.

ಮೊದಲ ಪ್ರಶ್ನೆ ಕಾನೂನಿನದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು, ಅವರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಇರುತ್ತದೆ. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1991ರ ಕೊನೆಯಲ್ಲಿ, 60ಕ್ಕೆ ಏರಿತು. ಇವತ್ತಿನ ಆಯ್ಕೆಗೆ ಸುಲಭದ ಲೆಕ್ಕವೊಂದಿದೆ: ಲೇಖಕರ ಮರಣದ ವರ್ಷಕ್ಕೆ 61 ಕೂಡಿಸಿದರೆ ಬರುವ ವರ್ಷದ ಜನವರಿ 1ರ ಹೊತ್ತಿಗೆ ಕೃತಿ ಹಕ್ಕುಮುಕ್ತವಾಗಿರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯ ತೀರಿಕೊಂಡದ್ದು 1962ರಲ್ಲಿ, ಅವರ ಬರಹಗಳು 2023ರ ಜನವರಿಯಿಂದ ಹಕ್ಕುಮುಕ್ತ. ಆಲೂರ ವೆಂಕಟರಾಯರು, ಫ. ಗು. ಹಳಕಟ್ಟಿಯವರು ಇಬ್ಬರೂ 1964ರಲ್ಲಿ ತೀರಿಕೊಂಡರು, ಅವರ ಕೃತಿಗಳು 2025ರಿಂದ ಎಲ್ಲರ ಸ್ವತ್ತು. ಬದುಕಿನ ವಿವೇಕಕ್ಕೆ ಕನ್ನಡಿಗರು ಮೊದಲು ನೆನೆಯುವ ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು. ಹಾಗಾಗಿ 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ಕ್ಕೆ 2036ರವರೆಗೆ ಕಾಯಬೇಕು. ಪುಸ್ತಕ ಹಳೆಯದು, ಎಲ್ಲರ ಬಾಯಲ್ಲೂ ಇದೆ ಎಂದಮಾತ್ರಕ್ಕೆ ಅದು ಮುಕ್ತವಾಗುವುದಿಲ್ಲ. ನೋಡಬೇಕಾದದ್ದು ಪುಸ್ತಕದ ವಯಸ್ಸನ್ನಲ್ಲ, ಲೇಖಕರ ಮರಣದ ವರ್ಷವನ್ನು.

ಒಂದೇ ಪುಸ್ತಕದೊಳಗೆ ಹಲವರ ಹಕ್ಕು ಪದರಪದರವಾಗಿ ಇರುವುದೂ ಉಂಟು. ವಚನ, ತ್ರಿಪದಿ, ಹಳಗನ್ನಡ ಪದ್ಯ ಯಾರ ಸ್ವತ್ತೂ ಅಲ್ಲ. ಆದರೆ ಇತ್ತೀಚಿನ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿ, ಹೊಸಗನ್ನಡ ಗದ್ಯಾನುವಾದ ಅವರವರ ಸ್ವತ್ತು. ಅಂಗಡಿಯಲ್ಲಿ ಸಿಗುವ ಸರ್ವಜ್ಞನ ಪುಸ್ತಕದಿಂದ ತ್ರಿಪದಿಯನ್ನು ಓದಬಹುದು, ಅದರ ಕೆಳಗೆ ಅಚ್ಚಾದ ತಾತ್ಪರ್ಯವನ್ನು ಓದುವಂತಿಲ್ಲ. ತಾತ್ಪರ್ಯ ಬೇಕಾದರೆ ಹೊಸದಾಗಿ ಬರೆಯಬೇಕು. ಅನುವಾದದ್ದೂ ಹೀಗೆಯೇ. ಬಾಲ ಗಂಗಾಧರ ಟಿಳಕರು 1920ರಲ್ಲಿ ತೀರಿಕೊಂಡರೂ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದ ಆಲೂರರ ಅನುವಾದ ಮುಕ್ತವಾದದ್ದು 2025ರಲ್ಲಿ. ಸ್ವಾಮಿ ವಿವೇಕಾನಂದರು 1902ರಲ್ಲೇ ತೀರಿಕೊಂಡವರು, ಅವರ ಇಂಗ್ಲಿಷ್ ಉಪನ್ಯಾಸಗಳು ಮುಕ್ತ. ಆದರೆ ಪ್ರತಿ ಕನ್ನಡ ಅನುವಾದಕ್ಕೂ ಅನುವಾದಕರು ಯಾರು, ಯಾವಾಗಿನವರು ಎಂದು ಬೇರೆಯಾಗಿಯೇ ನೋಡಬೇಕು. ಅನುವಾದದ ಹಕ್ಕು ಮುಗಿದಿಲ್ಲವಾದರೆ ಮೂಲದಿಂದ ಹೊಸ ಅನುವಾದ ಮಾಡಿಕೊಳ್ಳುವುದೇ ದಾರಿ.

ಹೊರದೇಶದ ಪುಸ್ತಕಗಳಲ್ಲಿ ಇನ್ನೊಂದು ತೊಡಕಿದೆ. ಡೇಲ್ ಕಾರ್ನೆಗಿ 1955ರಲ್ಲಿ ತೀರಿಕೊಂಡರು. ಅವರ 1936ರ ‘ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್’ ಭಾರತದಲ್ಲಿ 2016ರಿಂದ ಮುಕ್ತ. ಅಮೆರಿಕದಲ್ಲಿ ಅದೇ ಪುಸ್ತಕಕ್ಕೆ ಪ್ರಕಟಣೆಯಿಂದ 95 ವರ್ಷ, ಅಂದರೆ 2031ರ ಕೊನೆಯವರೆಗೆ, ಹಕ್ಕಿದೆ. ನಿಪ್ಪಾಣಿಯಲ್ಲಿ ಸಿ.ಡಿ.ಯಾಗಿ ಹಂಚಲು ಅಡ್ಡಿಯಿಲ್ಲದ ಧ್ವನಿಮುದ್ರಣ ಜಗತ್ತಿಗೆಲ್ಲ ತೆರೆದ ಜಾಲತಾಣಕ್ಕೆ ಏರಿದ ಕೂಡಲೇ ತಕರಾರಿಗೆ ಸಿಕ್ಕಬಹುದು. ಅದರ ಮೇಲೆ, ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 1981ರ ಪರಿಷ್ಕೃತ ಆವೃತ್ತಿ. ಪರಿಷ್ಕರಣೆಯ ಭಾಗಕ್ಕೆ ಹಕ್ಕು ಬೇರೆ. ಈ ಗೊಂದಲ ಬೇಡವೆಂದರೆ ಎರಡೂ ಕಡೆ ಮುಕ್ತವಾದುದನ್ನೇ ಆರಿಸಬೇಕು: ಬೆಂಜಮಿನ್ ಫ್ರಾಂಕ್ಲಿನ್‌ರ ‘ದಿ ವೇ ಟು ವೆಲ್ತ್’ (1758), ಸ್ಯಾಮ್ಯುಯೆಲ್ ಸ್ಮೈಲ್ಸ್‌ರ ‘ಸೆಲ್ಫ್-ಹೆಲ್ಪ್’ (1859), ಜೇಮ್ಸ್ ಆ್ಯಲನ್‌ರ ‘ಆ್ಯಸ್ ಎ ಮ್ಯಾನ್ ಥಿಂಕೆತ್’ (1903) ಮುಂತಾದವು.

ಕಾಲಾವಧಿ ಕಾಯದೆಯೇ ಬರುವ ಮುಕ್ತಿಯೂ ಇದೆ. ಲೇಖಕರು ಅಥವಾ ವಾರಸುದಾರರು ತಾವಾಗಿ ಮುಕ್ತ ಪರವಾನಗಿಯಲ್ಲಿ ಕೃತಿಯನ್ನು ಬಿಟ್ಟುಕೊಡಬಹುದು. ಕಾದಂಬರಿಕಾರ ನಿರಂಜನರ ಕೃತಿಗಳೂ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ 2014ರಲ್ಲಿ ಹೀಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದವು. ಕಣ್ಣು ಕಾಣದವರಿಗಾಗಿ, ಅಚ್ಚು ಓದಲಾಗದ ಅಂಗವಿಕಲರಿಗಾಗಿ ಲಾಭದ ಆಸೆಯಿಲ್ಲದೆ ಧ್ವನಿರೂಪ ಮಾಡಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಹಕ್ಕಿರುವ ಪುಸ್ತಕಗಳ ವಿಷಯದಲ್ಲೂ ವಿನಾಯಿತಿ ಕೊಟ್ಟಿದೆ. ಆದರೆ ಆ ಪ್ರತಿಯನ್ನು ಎಲ್ಲರಿಗೂ ಹಂಚುವಂತಿಲ್ಲ. ಹಕ್ಕು ಮುಗಿದ ಮೇಲೂ ಒಂದು ಹೊಣೆ ಉಳಿಯುತ್ತದೆ. ಲೇಖಕರ ಹೆಸರನ್ನು ಅಳಿಸುವುದು, ಅವರ ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚುವುದು ತಪ್ಪು. ಮೊಟಕುಗೊಳಿಸಿದ್ದರೆ ಮೊಟಕುಗೊಳಿಸಿದೆ ಎಂದು ಧ್ವನಿಯಲ್ಲೇ ಹೇಳಬೇಕು. ಇನ್ನು, ಮುಕ್ತ ಪುಸ್ತಕದಿಂದ ಮಾಡಿದ ಧ್ವನಿಮುದ್ರಣಕ್ಕೆ ತನ್ನದೇ ಹೊಸ ಹಕ್ಕು ಹುಟ್ಟುತ್ತದೆ: ಧ್ವನಿಮುದ್ರಣಕ್ಕೆ ಪ್ರಕಟಣೆಯಿಂದ 60 ವರ್ಷ, ಓದಿದವರ ಪ್ರದರ್ಶನದ ಹಕ್ಕಿಗೆ 50 ವರ್ಷ. ಓದಿದವರೊಂದಿಗೆ ಕಾಗದದ ಮೇಲೆ ಕರಾರು ಮಾಡಿಕೊಳ್ಳದಿದ್ದರೆ ಜಗಳ ಮೂಲ ಲೇಖಕರ ಕಡೆಯಿಂದಲ್ಲ, ಮೈಕಿನ ಮುಂದೆ ಕುಳಿತವರ ಕಡೆಯಿಂದಲೇ ಬರುತ್ತದೆ.

ಎರಡನೆಯ ಪ್ರಶ್ನೆ ಕಿವಿಯದು. ಕಣ್ಣು ಹಿಂದಿನ ಸಾಲಿಗೆ ಹೋಗಿ ಬರಬಲ್ಲದು, ಕಿವಿಗೆ ಆ ಸೌಲಭ್ಯವಿಲ್ಲ. ಬೀಡಿಯ ದಾರ ಕೈಯಲ್ಲಿ ಹಿಡಿದವಳು ಒಂದು ವಾಕ್ಯ ತಪ್ಪಿತೆಂದು ಮೊಬೈಲು ಒತ್ತುವುದಿಲ್ಲ. ಹಾಗಾಗಿ ಕೋಷ್ಟಕ, ಅಡಿಟಿಪ್ಪಣಿ, ಉದ್ದುದ್ದ ಪಟ್ಟಿ ತುಂಬಿದ ಪುಸ್ತಕ ಎಷ್ಟೇ ಬೆಲೆಯುಳ್ಳದ್ದಾದರೂ ಕಿವಿಗೆ ಭಾರ. ಕಥೆ, ಸಂಭಾಷಣೆ, ಗಾದೆ, ಪ್ರಶ್ನೋತ್ತರ ಹಗುರ. ಉದ್ದವೂ ಮುಖ್ಯ. ಗಡಿಯಾರ ಇಟ್ಟುಕೊಂಡು ಒಂದು ಪುಟವನ್ನು ಗಟ್ಟಿಯಾಗಿ ಓದಿ, ಹಿಡಿದ ಸಮಯವನ್ನು ಪುಟಗಳ ಸಂಖ್ಯೆಯಿಂದ ಗುಣಿಸಿದರೆ ಇಡೀ ಪುಸ್ತಕದ ಅಂದಾಜು ಸಿಗುತ್ತದೆ. ಪುಟಕ್ಕೆ ಎರಡೂವರೆ ನಿಮಿಷವಾದರೆ 120 ಪುಟದ ಪುಸ್ತಕಕ್ಕೆ ಐದು ತಾಸು. ಹೊಸದಾಗಿ ಶುರುಮಾಡುವ ತಂಡಕ್ಕೆ ಇಷ್ಟೇ ಸಾಕು. ‘ಗೀತಾರಹಸ್ಯ’ದಂಥ ಮಹಾಗ್ರಂಥವನ್ನು ಮೊದಲಿಗೆ ಹಿಡಿದರೆ ಅರ್ಧಕ್ಕೆ ನಿಲ್ಲುವುದು ಖಂಡಿತ.

ಲೆಕ್ಕದ ಪುಸ್ತಕ ಕಿವಿಗೆ ಒಗ್ಗುವುದಿಲ್ಲವೆಂಬ ಅಭಿಪ್ರಾಯವಿದೆ. ಈ ನೆಲದ ಉದಾಹರಣೆಯೇ ಅದನ್ನು ಪರೀಕ್ಷಿಸಲು ತಕ್ಕುದು. ಕನ್ನಡದಲ್ಲಿ ಗಣಿತವನ್ನು ಬರೆದ ಮೊದಲಿಗ ರಾಜಾದಿತ್ಯ, 12ನೆಯ ಶತಮಾನದ ಜೈನ ಕವಿ. ಅವನ ಊರು ಪೂವಿನಬಾಗೆ. ಅದನ್ನು ವಿದ್ವಾಂಸರು ಇಂದಿನ ರಾಯಬಾಗವೆಂದು ಗುರುತಿಸುತ್ತಾರೆ. ಅವನ ‘ವ್ಯವಹಾರಗಣಿತ’ದ ಹೆಸರೇ ಹೇಳುವಂತೆ ಅದು ಕೊಡು-ಕೊಳ್ಳುವವರ ಗಣಿತ: ಗೊತ್ತಿರುವ ಮೂರು ಅಥವಾ ಐದು ಮೊತ್ತಗಳಿಂದ ಗೊತ್ತಿಲ್ಲದ್ದನ್ನು ಕಂಡುಹಿಡಿಯುವ ತ್ರೈರಾಶಿ, ಪಂಚರಾಶಿಯಂಥ ಲೆಕ್ಕಗಳನ್ನು ಪದ್ಯ ಮತ್ತು ಗದ್ಯದಲ್ಲಿ ಬಿಡಿಸುತ್ತದೆ. ಪದ್ಯದಲ್ಲಿ ಸೂತ್ರ ಹೇಳಿದ್ದು ಬಾಯಿಪಾಠಕ್ಕಾಗಿ, ಅಂದರೆ ಕಿವಿಗಾಗಿಯೇ. ಒಂಬೈನೂರು ವರ್ಷದ ಹಿಂದಿನ ವ್ಯವಹಾರದ ಪುಸ್ತಕ ಇದೇ ಐದು ತಾಲೂಕಿನೊಳಗೆ ಹುಟ್ಟಿದ್ದು, ಯಾರ ಹಕ್ಕೂ ಇಲ್ಲದ್ದು.

ಆದರೆ ಅದನ್ನು ಇದ್ದ ಹಾಗೇ ಓದಿದರೆ ಇಂದಿನವರಿಗೆ ದಕ್ಕುವುದಿಲ್ಲ. ಭಾಷೆ ಹಳಗನ್ನಡ. ಗದ್ಯಾಣ, ಪಣ, ಹಾಗ, ವೀಸ ಎಂಬ ಹಳೆಯ ನಾಣ್ಯಗಳ ಕಾಲ ಹೋಗಿದೆ. ಸೂತ್ರದ ಪದ್ಯವನ್ನು ಓದಿ, ಪುರಾಣದ ಕ್ರಮದಲ್ಲಿ ಅರ್ಥ ಹೇಳಿ, ಲೆಕ್ಕವನ್ನು ಇಂದಿನದಕ್ಕೆ ತಿರುಗಿಸಬೇಕು. ಪಂಚರಾಶಿಗೆ ಒಂದು ಮಾದರಿ ಹೀಗಿರಬಹುದು: ‘ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಐದು ಸಾವಿರ ತಂದವರು ಏಳು ತಿಂಗಳಿಗೆ ಎಷ್ಟು ಬಡ್ಡಿ ಕೊಡಬೇಕು?’ ಇಲ್ಲಿ ಓದುವವರು ಹತ್ತು ಸೆಕೆಂಡು ಸುಮ್ಮನಿರಬೇಕು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ: ‘ಐದು ಸಾವಿರದಲ್ಲಿ ಐವತ್ತು ನೂರು. ಒಂದು ನೂರಕ್ಕೆ ಎರಡಾದರೆ ಐವತ್ತಕ್ಕೆ ನೂರು. ತಿಂಗಳಿಗೆ ನೂರು, ಏಳು ತಿಂಗಳಿಗೆ ಏಳುನೂರು.’ ಕೇಳುಗರ ಮನಸ್ಸಿನಲ್ಲಿ ಲೆಕ್ಕ ನಡೆಯುವುದು ಆ ಹತ್ತು ಸೆಕೆಂಡಿನಲ್ಲಿ. ನೂರಕ್ಕೆ ಎರಡು ಎಂದಾಗ ಹಗುರವಾಗಿ ಕೇಳುವ ದರ ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು ಎಂದಾಗ ಬೇರೆಯದೇ ಆಗಿ ಕೇಳುತ್ತದೆ. ವ್ಯವಹಾರದ ಕೇಳುಪುಸ್ತಕ ಕಲಿಸಬೇಕಾದ ಮೊದಲ ಪಾಠ ಇದಕ್ಕಿಂತ ಹೆಚ್ಚಿನದೇನಲ್ಲ.

ಹಳೆಯ ಅಚ್ಚು ಪುಸ್ತಕಗಳಲ್ಲೂ ಅಳತೆಯ ತೊಡಕು ಉಂಟು. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬರುವ ಮೊದಲಿನ ಬರಹಗಳಲ್ಲಿ ಆಣೆ-ಪೈ, ಸೇರು-ಮಣಗಳ ಲೆಕ್ಕವಿರುತ್ತದೆ. ಕಥೆಯಲ್ಲಾದರೆ ಅವನ್ನು ಹಾಗೆಯೇ ಬಿಡಬಹುದು, ಕಾಲದ ಬಣ್ಣ ಉಳಿಯುತ್ತದೆ. ಲೆಕ್ಕ ಕಲಿಸುವ ಜಾಗದಲ್ಲಾದರೆ ಓದುವವರು ಬೇರೆ ದನಿಯಲ್ಲಿ ಒಂದು ಸಾಲು ವಿವರಣೆ ಸೇರಿಸಬೇಕು. ಮಾತಿನ ಬಳಕೆಯೂ ಹಾಗೆಯೇ. ಈ ಭಾಗದ ಅಂಗಡಿಕಾರರ ಬಾಯಲ್ಲಿರುವುದು ಕೀರ್ದಿ, ಖತಾವಣಿ, ಜಮಾ, ಶಿಲ್ಕು, ಉದ್ರಿ, ಬಾಕಿ. ದೀಪಾವಳಿಯಲ್ಲಿ ಪೂಜೆಯಾಗುವುದು ಕೀರ್ದಿ ಪುಸ್ತಕಕ್ಕೇ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬಗಳಿಗೂ ಈ ಪದಗಳು ಎರಡು ಭಾಷೆಯ ನಡುವಿನ ಸೇತುವೆ. ಹೊಸ ಅನುವಾದದಲ್ಲಿ ‘ದೈನಂದಿನ ನಮೂದು ಪುಸ್ತಕ’ ಎಂದು ಬರೆದರೆ ಇಬ್ಬರಿಗೂ ಅನ್ಯ. ‘ಕೀರ್ದಿ’ ಎಂದರೆ ಇಬ್ಬರಿಗೂ ಗೊತ್ತು. ಮೂಲ ಲೇಖಕರ ಮಾತನ್ನು ಬದಲಿಸಬಾರದು, ಆದರೆ ಅನುವಾದ, ಪೀಠಿಕೆ, ವಿವರಣೆ ಎಲ್ಲವೂ ಕೇಳುವವರ ಮಾತಿನಲ್ಲಿರಬೇಕು.

ಮೂರನೆಯ ಪ್ರಶ್ನೆ ಹುರುಳಿನದು. ವ್ಯಕ್ತಿತ್ವ ವಿಕಸನದ ಹಳೆಯ ಪುಸ್ತಕಗಳಲ್ಲಿ ಎರಡು ಜಾತಿ. ಒಂದು, ಮಾಡುವ ಕೆಲಸದ ರೀತಿಯನ್ನು ತಿದ್ದುವುದು: ಸಮಯ, ಉಳಿತಾಯ, ಸಾಲ, ಮಾತಿನ ನಂಬಿಕೆ, ಕಸುಬಿನ ಅಚ್ಚುಕಟ್ಟು. ಇನ್ನೊಂದು, ಯೋಚನೆ ಬದಲಿಸಿದರೆ ಸಿರಿ ತಾನಾಗಿ ಬರುತ್ತದೆ ಎನ್ನುವುದು. ವ್ಯಾಲೆಸ್ ವ್ಯಾಟಲ್ಸ್‌ರ ‘ದಿ ಸೈನ್ಸ್ ಆಫ್ ಗೆಟಿಂಗ್ ರಿಚ್’ (1910) ಈ ಎರಡನೆಯ ಜಾತಿಯದು. ಸಂಪೂರ್ಣ ಹಕ್ಕುಮುಕ್ತ, ಚಿಕ್ಕದು, ಓದಲು ಸುಲಭ, ಆದ್ದರಿಂದಲೇ ಎಲ್ಲರ ಪಟ್ಟಿಯಲ್ಲೂ ಮೊದಲಿಗೆ ಬರುತ್ತದೆ. ಆದರೆ ಬೀಡಿ ಕಟ್ಟುವವಳ ಗಳಿಕೆ ಸಾವಿರ ಬೀಡಿಗೆ ಇಷ್ಟೆಂಬ ದರದ ಮೇಲೆ, ತಿರಸ್ಕಾರವಾದ ಬೀಡಿಯ ಎಣಿಕೆಯ ಮೇಲೆ ನಿಂತಿದೆ. ತಂಬಾಕು ಬೆಳೆದವರ ಗಳಿಕೆ ವ್ಯಾಪಾರಿ ಕೊಡುವ ದರದ ಮೇಲೆ ನಿಂತದ್ದಕ್ಕೆ 1981ರ ನಿಪ್ಪಾಣಿ ಹೋರಾಟ ಸಾಕ್ಷಿ. ಹೆದ್ದಾರಿಯಲ್ಲಿ ಕುಳಿತ ರೈತರ ಆ ಚಳವಳಿ ಏಪ್ರಿಲ್‌ನಲ್ಲಿ ಗೋಲಿಬಾರಿನವರೆಗೆ ಹೋಗಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಬಡತನ ನಿನ್ನ ಯೋಚನೆಯ ತಪ್ಪು ಎಂದು ಇಂಥವರ ಕಿವಿಯಲ್ಲಿ ದಿನವೂ ಹೇಳುವ ಪುಸ್ತಕ ಧೈರ್ಯ ಕೊಡುವುದಕ್ಕಿಂತ ಅವಮಾನ ಮಾಡುವುದೇ ಹೆಚ್ಚು.

ಹಳೆಯ ನೀತಿ ಪುಸ್ತಕಗಳಲ್ಲಿ ಜಾತಿಯನ್ನು, ಹೆಂಗಸರನ್ನು ಹೀನಾಯವಾಗಿ ಕಾಣುವ ಮಾತುಗಳೂ ಬರುತ್ತವೆ. ಸರ್ವಜ್ಞನ ಹೆಸರಿನ ತ್ರಿಪದಿಗಳಲ್ಲೂ ಅಂಥವು ಸೇರಿವೆ. ಇಡೀ ಕೃತಿ ಓದುವುದಾದರೆ ಮುಚ್ಚಿಡದೆ ಪೀಠಿಕೆಯಲ್ಲಿ ಹೇಳಬೇಕು, ಆಯ್ದ ಭಾಗವಾದರೆ ಬಿಡಬೇಕು. ಔಷಧದ ಸಲಹೆ, ಕಾನೂನಿನ ಸಲಹೆ, ಹಣ ಹೂಡುವ ಸಲಹೆ ಇರುವ ಹಳೆಯ ಅಧ್ಯಾಯಗಳನ್ನು ತಿಳಿದವರಿಗೆ ತೋರಿಸದೆ ಧ್ವನಿಮುದ್ರಿಸಬಾರದು. ಪುಟದಲ್ಲಿ ‘ಹಿಂದಿನ ಕಾಲದ ಮಾತು’ ಎನಿಸುವುದು ಆಪ್ತ ದನಿಯಲ್ಲಿ ಕೇಳಿದಾಗ ಇವತ್ತಿನ ಬುದ್ಧಿಮಾತಾಗುತ್ತದೆ.

ಈ ಮೂರು ಜರಡಿ ದಾಟಿ ಉಳಿಯುವ ಪುಸ್ತಕಗಳು ಕಡಿಮೆಯೇನಲ್ಲ. ಮೊದಲ ಸ್ಥಾನ ಕಾಯಕದ ವಚನಗಳಿಗೆ ಸಲ್ಲಬೇಕು. ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ-ಮಾರಯ್ಯ ದಂಪತಿ, ಮಾದಾರ ಚೆನ್ನಯ್ಯ ಇವರೆಲ್ಲ ಕೈಕೆಲಸದವರು. ದುಡಿಮೆಯ ಶುದ್ಧಿ, ಬೇಕಾದಷ್ಟಕ್ಕಿಂತ ಹೆಚ್ಚು ಬಯಸದಿರುವುದು, ಹಿಡಿದ ಕಸುಬಿನ ಮರ್ಯಾದೆ ಅವರ ವಿಷಯ. ಒಂದು ವಚನಕ್ಕೆ ಒಂದೆರಡು ನಿಮಿಷ ಸಾಕು. ಒಂದು ಚಪ್ಪಲಿಯ ಪಟ್ಟಿ ಹೊಲಿಯುವಷ್ಟರಲ್ಲಿ ಮುಗಿಯುತ್ತದೆ. ವಚನಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ವಿಜಯಪುರದಲ್ಲಿ ಸಹಕಾರಿ ಬ್ಯಾಂಕು ಕಟ್ಟಿದವರಲ್ಲಿ ಮುಖ್ಯರು, ಮನೆ ಮಾರಿ ಛಾಪಖಾನೆ ಹಾಕಿದವರು ಅವರೇ. ಅವರ ಪೀಠಿಕೆ, ಟಿಪ್ಪಣಿಗಳೂ 2025ರಿಂದ ಮುಕ್ತವಾಗಿರುವುದರಿಂದ ವಚನದ ಜೊತೆ ಅವರ ವಿವರಣೆಯನ್ನೂ ಓದಲು ಈಗ ಅಡ್ಡಿಯಿಲ್ಲ.

ಎರಡನೆಯದು ರಾಜಾದಿತ್ಯನ ಗಣಿತ, ಮೇಲೆ ಹೇಳಿದ ರೀತಿಯಲ್ಲಿ. ಮೂರನೆಯದು ದುರ್ಗಸಿಂಹನ ‘ಪಂಚತಂತ್ರ’, 11ನೆಯ ಶತಮಾನದ ಚಂಪೂ. ಪಾಲುಗಾರಿಕೆ, ನಂಬಿಕೆದ್ರೋಹ, ಸಲಹೆಗಾರರ ಆಯ್ಕೆ ಇವನ್ನೆಲ್ಲ ಪ್ರಾಣಿಗಳ ಬಾಯಲ್ಲಿ ಹೇಳುವ ಕಥೆಗಳು ಹೊಸಗನ್ನಡ ಗದ್ಯಕ್ಕೆ ಬಂದರೆ ಕಿವಿಗೆ ಹಬ್ಬ. ಅದೇ ಕಾಲದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ನೀರು ಹುಡುಕುವುದರಿಂದ ಅಡುಗೆಯವರೆಗೆ ನಿತ್ಯದ ಬದುಕಿನ ಕೈಪಿಡಿ. ವೈದ್ಯ, ಶಕುನದ ಭಾಗ ಬಿಟ್ಟು ನೀರು ಮತ್ತು ಗಿಡಮರದ ಭಾಗವನ್ನು, ಪರಂಪರೆಯ ನಂಬಿಕೆ ಎಂಬ ಸೂಚನೆಯೊಡನೆ, ಆರಿಸಬಹುದು.

ಆಧುನಿಕ ಗದ್ಯದಲ್ಲಿ ಎಂ. ಎಸ್. ಪುಟ್ಟಣ್ಣನವರ (1854–1930) ‘ನೀತಿಚಿಂತಾಮಣಿ’ ಇದೆ. 1884ರಲ್ಲಿ ಬಂದ ಈ ನೀತಿಕಥೆಗಳ ಭಾಷೆ ತಿಳಿಯಾದದ್ದು, ಕಥೆ ಚಿಕ್ಕದು. ಹಾವೇರಿ ಸೀಮೆಯ ಗಳಗನಾಥರು (1869–1942) ಕಾದಂಬರಿಕಾರರೆಂದೇ ಪ್ರಸಿದ್ಧರು. ಆದರೆ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಅವರ ಬದುಕೇ ಸ್ವಂತ ಉದ್ಯೋಗದ ಪಾಠ. ಅವರ ಬರಹ 2003ರಿಂದ ಮುಕ್ತ. ‘ಕರ್ನಾಟಕದ ಗಾಂಧಿ’ ಎನಿಸಿದ ಹರ್ಡೇಕರ ಮಂಜಪ್ಪನವರು (1886–1947) ಸ್ವಾವಲಂಬನೆ, ಶಿಸ್ತು, ಕರ್ತವ್ಯಗಳ ಬಗ್ಗೆ ಬರೆದ ಪುಸ್ತಿಕೆಗಳು ಗಾತ್ರದಲ್ಲೂ ಧಾಟಿಯಲ್ಲೂ ಕೇಳುಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿವೆ. ಅವು 2008ರಿಂದ ಮುಕ್ತ. ವಿಶ್ವೇಶ್ವರಯ್ಯನವರ 1951ರ ಇಂಗ್ಲಿಷ್ ಆತ್ಮಕಥನ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಹೊಸ ಕನ್ನಡ ಅನುವಾದಕ್ಕೆ ತಕ್ಕುದು. ನೀರಾವರಿಯಿಂದ ಬದುಕು ಕಟ್ಟಿಕೊಂಡ ಸೀಮೆಗೆ ಅವರ ಅಣೆಕಟ್ಟು, ನೀರಿನ ಹಂಚಿಕೆಯ ಅಧ್ಯಾಯಗಳು ಹತ್ತಿರದವು.

ಹೊರಗಿನ ಎರಡು ಪುಸ್ತಕಗಳು ಸಾಕು. ಫ್ರಾಂಕ್ಲಿನ್‌ರ ‘ದಿ ವೇ ಟು ವೆಲ್ತ್’ ಕೆಲವೇ ಪುಟದ್ದು, ಬರೆದದ್ದೇ ಭಾಷಣದ ರೂಪದಲ್ಲಿ. ಹರಾಜಿಗೆ ಕಾದು ನಿಂತ ಜನಕ್ಕೆ ಮುದುಕನೊಬ್ಬ ಗಾದೆಯ ಮೇಲೆ ಗಾದೆ ಪೋಣಿಸಿ ದುಂದು ಬೇಡ, ಸಾಲ ಬೇಡ ಎಂದು ಹೇಳುತ್ತಾನೆ. ಜನ ತಲೆದೂಗಿ, ಹರಾಜು ಶುರುವಾದ ಕೂಡಲೇ ಮುಗಿಬಿದ್ದು ಕೊಳ್ಳುತ್ತಾರೆ. ಉಪದೇಶದ ಮಿತಿಯನ್ನೂ ಉಪದೇಶದೊಳಗೇ ಹೇಳಿದ ಪುಸ್ತಕ ಅದು. ಅದನ್ನು ಅನುವಾದಿಸುವವರು ಇಂಗ್ಲಿಷ್ ಗಾದೆಯನ್ನು ಪದಶಃ ತಿರುಗಿಸದೆ ಅದೇ ಅರ್ಥದ ಕನ್ನಡ ಗಾದೆಯನ್ನು ಹುಡುಕಬೇಕು. ಸ್ಮೈಲ್ಸ್‌ರ ‘ಸೆಲ್ಫ್-ಹೆಲ್ಪ್’ ದೊಡ್ಡದು, ಅದರಿಂದ ಕುಶಲಕರ್ಮಿಗಳ ಅಧ್ಯಾಯಗಳನ್ನಷ್ಟೇ ಆರಿಸಬಹುದು. ಪಿಂಗಾಣಿಯ ಹೊಳಪಿನ ಗುಟ್ಟು ಹುಡುಕುತ್ತ, ಕಟ್ಟಿಗೆ ಮುಗಿದಾಗ ಮನೆಯ ಮೇಜು-ಕಪಾಟನ್ನೇ ಒಲೆಗೆ ಹಾಕಿದ ಫ್ರಾನ್ಸಿನ ಕುಂಬಾರ ಪಲೀಸಿಯ ಕಥೆ, ತೊಗಲು ಹದ ಮಾಡುವ ಅಥಣಿಯ ಮನೆಗಳಲ್ಲಿ ಅರ್ಥವಾಗದೆ ಇರುವುದಿಲ್ಲ.

ತಯಾರಿಕೆಯ ಮಾತು ಚಿಕ್ಕದು. ಅಧ್ಯಾಯ ಹದಿನೈದು ನಿಮಿಷ ಮೀರಬಾರದು. ಸೆಕೆಂಡಿಗೆ 64 ಕಿಲೋಬಿಟ್ ಮಟ್ಟದ ಕಡತ ಹದಿನೈದು ನಿಮಿಷಕ್ಕೆ ಸುಮಾರು 7 ಎಂ.ಬಿ. ಆಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಸಲೀಸಾಗಿ ಹೋಗುತ್ತದೆ. ಸ್ಟುಡಿಯೊ ಇಲ್ಲದ ಊರಲ್ಲಿ ಒಳಕೋಣೆಯ ನಾಲ್ಕು ಗೋಡೆಗೆ ಕೌದಿ ಇಳಿಬಿಟ್ಟು, ಫ್ಯಾನು ನಿಲ್ಲಿಸಿ, ಬೆಳಗಿನ ಜಾವ ಓದಿದರೆ ಪ್ರತಿಧ್ವನಿ ತಗ್ಗುತ್ತದೆ. ಪ್ರತಿ ಪುಸ್ತಕದ ಮೊದಲಿಗೆ ಕೃತಿ, ಲೇಖಕರು, ಅವರು ತೀರಿಕೊಂಡ ವರ್ಷ, ಬಳಸಿದ ಆವೃತ್ತಿ, ಅನುವಾದಕರು, ಓದಿದವರು ಇಷ್ಟನ್ನು ಹೇಳಬೇಕು. ಹಕ್ಕಿನ ಬಗ್ಗೆ ನಾಳೆ ಪ್ರಶ್ನೆ ಬಂದರೆ ಉತ್ತರ ಧ್ವನಿಮುದ್ರಣದೊಳಗೇ ಇರುತ್ತದೆ.

ಪುಸ್ತಕವೊಂದನ್ನು ಪೂರ್ತಿ ಓದುವ ಮೊದಲು ಕೊನೆಯ ಪರೀಕ್ಷೆ ಕೇಳುಗರಿಗೇ ಬಿಟ್ಟದ್ದು. ಒಂದು ಅಧ್ಯಾಯ ಧ್ವನಿಮುದ್ರಿಸಿ, ಕೆಲಸ ನಡೆದಿರುವಾಗಲೇ ಹತ್ತು ಮಂದಿಗೆ ಕೇಳಿಸಬೇಕು. ಹೇಗಿತ್ತು ಎಂದು ಕೇಳಿದರೆ ಎಲ್ಲರೂ ಚಲೋ ಅದ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಎರಡೇ: ನಡುವೆ ಕೈ ಮೊಬೈಲಿನ ಕಡೆ ಹೋಯಿತೇ, ಮುಗಿದ ಮೇಲೆ ಮುಂದಿನದನ್ನು ಹಚ್ಚು ಎಂದರೇ. ಹವಾನಾದ ಕಾರ್ಖಾನೆಯಲ್ಲಿ ಓದಬೇಕಾದ ಪುಸ್ತಕವನ್ನು ಆರಿಸುತ್ತಿದ್ದವರು ಸಿಗಾರ್ ಸುತ್ತುವವರೇ. ಈ ಐದು ತಾಲೂಕಿನ ಪಟ್ಟಿಯಲ್ಲೂ ಕೊನೆಯ ಮತ ಬೀಡಿ ಕಟ್ಟುವವರದು, ಚಪ್ಪಲಿ ಹೊಲಿಯುವವರದು, ಕಬ್ಬು ಸಾಗಿಸುವವರದು ಆಗಿರಬೇಕು.